ಚಕ್ಕಡಿ ಎಣಿಸಿದವರು

ನಮ್ಮ ಬೈಲಹೊಂಗಲ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಪೈಲವಾನರ ಕಥೆಗಳಿಗೆ ಬರವಿಲ್ಲ. ನಾಲ್ಕು ಮಂದಿ ಹಿರಿಯರು ಪಡಸಾಲೆಯಲ್ಲಿ ಕೂತರೆಂದರೆ ಹತ್ತಿ ಧಾರಣೆಯಿಂದ ಸುರುವಾದ ಮಾತು ಚಹಾ ಬರುವ ಹೊತ್ತಿಗೆ ಕುಸ್ತಿ ಕಣದಲ್ಲಿ ಬಂದು ನಿಂತಿರುತ್ತದೆ. ಚಹಾ ತರುವವರು ನಾವು. ಕಪ್ಪು ಕೊಡುವಾಗ ಕಥೆಯ ನಡುವಿನ ಒಂದು ತುಣುಕು, ಬಸಿ ಒಯ್ಯಲು ಹೋದಾಗ ಕೊನೆಯ ಒಂದು ತುಣುಕು. ಮೊದಲಿನದು ನಮಗೆ ಸಿಗುವುದೇ ಇಲ್ಲ. ಖಾಶಾಬಾ ಜಾಧವರ ಕಥೆಯನ್ನು ನಾನು ಹೀಗೆ ಕೇಳಿದವಳು. ಮದುವೆಗೆ ಮುಂಚೆ ತವರುಮನೆ ರಾಮದುರ್ಗದಲ್ಲಿ, ಆಮೇಲೆ ಬೈಲಹೊಂಗಲದಲ್ಲಿ, ನಡುನಡುವೆ ಕಿತ್ತೂರು, ಸವದತ್ತಿಯ ಬೀಗರ ಮನೆಗಳಲ್ಲಿ. ಈಚೆಗೆ ಆ ತುಣುಕುಗಳನ್ನೆಲ್ಲ ಕೂಡಿಸಿ ನೋಡಿದಾಗ ಒಂದು ಸಂಗತಿ ಹೊಳೆಯಿತು. ಅದರಲ್ಲಿ ಎಲ್ಲ ಇದೆ, ಕುಸ್ತಿ ಮಾತ್ರ ಇಲ್ಲ.

ಹೊಸಬರಿಗಾಗಿ ಎರಡು ಮಾತು. ಖಾಶಾಬಾ ದಾದಾಸಾಹೇಬ ಜಾಧವ ಹುಟ್ಟಿದ್ದು 1926ರಲ್ಲಿ, ಸಾತಾರಾ ಜಿಲ್ಲೆಯ ಕರಾಡದ ಪಕ್ಕದ ಗೋಳೇಶ್ವರದಲ್ಲಿ. ತಂದೆಯೂ ಪೈಲವಾನರು. ಐವರು ಗಂಡುಮಕ್ಕಳಲ್ಲಿ ಇವರೇ ಕಿರಿಯರು. ಓದಿದ್ದು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ಲೈವೇಟ್, ಅಂದರೆ 52 ಕಿಲೋ ಒಳಗಿನವರ ಕುಸ್ತಿಯಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ 57 ಕಿಲೋ ವರ್ಗದಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಅಂಥ ಎರಡನೆಯದು ಬಂದದ್ದು 1996ರಲ್ಲಿ, ಲಿಯಾಂಡರ್ ಪೇಸ್ ಅವರ ಟೆನಿಸ್ಸಿನಿಂದ. ನಡುವೆ 44 ವರ್ಷ. ಕುಸ್ತಿಯಲ್ಲೇ ಇನ್ನೊಂದು ಬರಲು 2008ರ ತನಕ, 56 ವರ್ಷ ಕಾಯಬೇಕಾಯಿತು.

ಅವರು ಮರಾಠಿಯವರು, ನಮಗೂ ಅವರಿಗೂ ಏನು ನಂಟು ಎಂದು ಕೇಳಬಹುದು. 1952ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಅವರ ಸಾತಾರಾ ಜಿಲ್ಲೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ರಾಮದುರ್ಗ 1948ರ ತನಕ, ಕೊಲ್ಲಾಪುರ 1949ರ ತನಕ ಸಂಸ್ಥಾನಗಳಾಗಿದ್ದವು. ಕುಸ್ತಿಯ ಹುಚ್ಚು ಹತ್ತಿದ ನಮ್ಮ ಕಡೆಯ ಹುಡುಗರು ಬುತ್ತಿ ಕಟ್ಟಿಕೊಂಡು ಕೊಲ್ಲಾಪುರದ ತಾಲೀಮುಗಳಿಗೆ ಹೋಗುತ್ತಿದ್ದರು. ಕೆಮ್ಮಣ್ಣಿಗೆ ಇದು ಕನ್ನಡದ ಬೆನ್ನು, ಇದು ಮರಾಠಿ ಬೆನ್ನು ಎಂಬ ಭೇದ ಗೊತ್ತಿಲ್ಲ.

ಇನ್ನು ಕಥೆಗಳಿಗೆ ಬರುತ್ತೇನೆ. ಬೈಲಹೊಂಗಲದ ನಮ್ಮ ಪಡಸಾಲೆಯಲ್ಲಿ ಹೇಳುವುದು ಚಕ್ಕಡಿಗಳ ಕಥೆ. ಪದಕ ಗೆದ್ದು ಬಂದ ಖಾಶಾಬಾ ಅವರನ್ನು ಊರವರು ಚಕ್ಕಡಿಗಳ ಮೆರವಣಿಗೆಯಲ್ಲಿ ಕರೆದೊಯ್ದರು. ಇದು ನಡೆದ ಮಾತೇ. ಆದರೆ ನಮ್ಮ ಕಾಕಾ ಒಬ್ಬರು "ನೂರಾ ಒಂದು ಚಕ್ಕಡಿ" ಅನ್ನುತ್ತಾರೆ. ಇನ್ನೊಬ್ಬರು "ಏ, ನೂರಾ ಐವತ್ತೊಂದರಿ ಸಾಹೇಬ್ರ" ಎಂದು ತಿದ್ದುತ್ತಾರೆ. ಅಲ್ಲಿಂದ ಅರ್ಧ ತಾಸು ಎತ್ತುಗಳ ಲೆಕ್ಕ. ಒಮ್ಮೆ ನಾನು ಬಸಿ ಎತ್ತುತ್ತ, "ಕಾಕಾ, ಅಲ್ಲೆ ಅವರು ಯಾರ‍್ನ ಸೋಲಿಸಿದ್ರು?" ಎಂದು ಕೇಳಿದೆ. ಕಾಕಾ ಮೋರೆ ಮೇಲೆತ್ತಿ, "ಪರದೇಶದಾವ್ರನ್ನವಾ, ಮತ್ತ ಯಾರನ್ನ?" ಎಂದರು. ಎತ್ತಿನ ಲೆಕ್ಕ ಪಕ್ಕಾ ಇತ್ತು, ಎದುರಾಳಿಯ ಲೆಕ್ಕ ಇರಲಿಲ್ಲ.

ಕಿತ್ತೂರಿನಲ್ಲಿ ಕೇಳಿದ್ದು ಅನ್ಯಾಯದ ಕಥೆ. ಅಕ್ಟೋಬರಿನಲ್ಲಿ ಉತ್ಸವದ ಕುಸ್ತಿ ನೋಡಲು ಬಂದ ಬೀಗರು ಊಟಕ್ಕೆ ಕೂತಾಗ ಹೇಳಿದ್ದು. ಹೆಲ್ಸಿಂಕಿಯಲ್ಲಿ ಜಪಾನಿನವನ ಸಂಗಡ ದೀರ್ಘ ಸೆಣಸಾಟ ಮುಗಿಸಿ ಖಾಶಾಬಾ ಬಂದು ಕೂತರಂತೆ. ಕೂತ ಬೆವರು ಆರುವ ಮೊದಲೇ ರಷ್ಯಾದ ಕಡೆಯವನ ಮೇಲೆ ಇಳಿಯಲು ಹೇಳಿದರಂತೆ. ನಡುವೆ ಅರ್ಧ ತಾಸು ವಿಶ್ರಾಂತಿ ಕೊಡಬೇಕೆಂಬ ನೇಮವಿದ್ದರೂ ಅದನ್ನು ಎತ್ತಿ ಹೇಳಲು ನಮ್ಮ ದೇಶದ ಅಧಿಕಾರಿ ಒಬ್ಬನೂ ಅಲ್ಲಿರಲಿಲ್ಲವಂತೆ. ಈ ಕಥೆ ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಕಲಸುತ್ತದೆ. ಪರವೂರಿನ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ನಮ್ಮ ಪರವಾಗಿ ಒಂದು ಮಾತಾಡುವವರಿಲ್ಲದೆ ನಿಂತ ನೆನಪು ಯಾವ ಹೆಂಗಸಿಗಿಲ್ಲ?

ಸವದತ್ತಿಯಲ್ಲಿ ಕಥೆ ಹೇಳಿದವರು ನಿವೃತ್ತ ಪೊಲೀಸರು. ಎಲ್ಲಮ್ಮನ ಗುಡ್ಡದ ಜಾತ್ರೆಯ ಬಂದೋಬಸ್ತಿನಲ್ಲಿ ಎಷ್ಟೋ ಹುಣ್ಣಿಮೆ ನಿಂತು ಸವೆದವರು. ಅವರ ಕಣ್ಣಿಗೆ ಖಾಶಾಬಾ ಮೊದಲು ಫೌಜದಾರ, ಆಮೇಲೆ ಪೈಲವಾನ. 1955ರಲ್ಲಿ ಪೊಲೀಸ್ ಇಲಾಖೆ ಸೇರಿದ್ದು, ಸಹಾಯಕ ಕಮಿಷನರ್ ಆಗಿ ನಿವೃತ್ತರಾದದ್ದು, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು. ಬದುಕಿದ್ದಾಗ ಪದ್ಮ ಪ್ರಶಸ್ತಿ ಬರಲಿಲ್ಲ. ಅರ್ಜುನ ಪ್ರಶಸ್ತಿ 2000ನೇ ಸಾಲಿನಲ್ಲಿ, ಸತ್ತ ಮೇಲೆ ಬಂತು. 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗೆ ಕಟ್ಟಿದ ದಿಲ್ಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. "ಇದ್ದಾಗ ಒಂದ ಕುರ್ಚಿ ಕೊಡಲಿಲ್ಲ, ಸತ್ತ ಮ್ಯಾಲ ಕಟ್ಟಡಾ ಕೊಟ್ರು" ಎಂದು ಅವರು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನಲ್ಲಿ ಅವರ ಸ್ವಂತದ್ದೂ ಸ್ವಲ್ಪ ಇತ್ತು.

ರಾಮದುರ್ಗದ್ದು ಸಾಲದ ಕಥೆ. ಮಗ್ಗದ ಸದ್ದಿನ ಓಣಿಗಳಲ್ಲಿ ಸಾಲದ ಕಥೆಗೆ ಬೇಗ ಕಿವಿ ಬರುತ್ತವೆ. ಹೆಲ್ಸಿಂಕಿಗೆ ಹೋಗಲು ಹಣವಿಲ್ಲ. ಮುಂಬಯಿ ಸರಕಾರದ ಬಾಗಿಲು ತಟ್ಟಿದರೂ ಬೇಕಾದ ಹೊತ್ತಿಗೆ ತೆರೆಯಲಿಲ್ಲ. ಊರವರು ಕೈಲಾದದ್ದು ಕೂಡಿಸಿದರು. ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು. ಗೆದ್ದು ಬಂದ ಖಾಶಾಬಾ ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಆ ಮನೆ ಬಿಡಿಸಿಕೊಟ್ಟರು. ಗುರು ದೊಡ್ಡವರು, ಶಿಷ್ಯನೂ ದೊಡ್ಡವನು. ಕೇಳುತ್ತಿದ್ದ ನಮ್ಮ ಅತ್ತಿ ಮಾತ್ರ, "ಮನೀ ಒತ್ತಿ ಇಡಬೇಕಾದ್ರ ಮನ್ಯಾಗಿನ ಹೆಣಮಕ್ಕಳನ್ನ ಕೇಳಿದ್ರೇನ?" ಎಂದರು. ಗಂಡಸರು ನಕ್ಕರು. ನಾನು ನಗಲಿಲ್ಲ. ಈ ಕಥೆಗೆ ಇಷ್ಟು ವರ್ಷಗಳಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದೊಂದೇ.

ಈ ನಾಲ್ಕೂ ಕಥೆಗಳು ಸುಳ್ಳಲ್ಲ, ಪ್ರೀತಿಯಿಂದ ಹೇಳಿದವು. ಆದರೆ ನನ್ನ ತಕರಾರು ಇಷ್ಟೇ: ಇವುಗಳಲ್ಲಿ ಖಾಶಾಬಾ ಅವರು ಏನನ್ನೂ ಮಾಡುವುದಿಲ್ಲ. ಅವರನ್ನು ಚಕ್ಕಡಿಯಲ್ಲಿ ಕೂರಿಸುತ್ತಾರೆ, ಅವರಿಗೆ ಅನ್ಯಾಯ ಮಾಡುತ್ತಾರೆ, ಸಾಲ ಕೊಡುತ್ತಾರೆ, ಮರೆಯುತ್ತಾರೆ. ಪಾಪ ಎಂಬ ಒಂದು ಮಾತಿನಲ್ಲಿ ಎಲ್ಲ ಮುಗಿಯುತ್ತದೆ. ಒಬ್ಬ ಪೈಲವಾನನಿಗೆ ಮಾಡುವ ದೊಡ್ಡ ಅನ್ಯಾಯವೆಂದರೆ ಅವನ ಪಟ್ಟನ್ನು ಬಿಟ್ಟು ಅವನ ಕಷ್ಟವನ್ನು ನೆನೆಯುವುದು. ಇಡೀ ಜನ್ಮ ಅಡಿಗೆ ಮಾಡಿದವಳನ್ನು "ಪಾಪ, ಭಾಳ ಕಷ್ಟಪಟ್ಟಳು" ಎಂದು ನೆನೆದು, ಅವಳ ಹೋಳಿಗೆಯ ಹದ ಹೇಗಿತ್ತೆಂದು ಯಾರೂ ಹೇಳದಿದ್ದ ಹಾಗೆ.

ಹಾಗಾದರೆ ಆ ಕುಸ್ತಿಗಳು ಹೇಗಿದ್ದವು? ಲಂಡನ್ನಿಗೆ ಹೋದಾಗ ಖಾಶಾಬಾ ಕೆಮ್ಮಣ್ಣಿನಲ್ಲಿ ಆಡಿ ಬೆಳೆದ ಹುಡುಗ. ಮ್ಯಾಟ್ ಹೊಸದು. ಮಣ್ಣಿನಲ್ಲಿ ಕಾಲು ಹುಗಿದು ನಿಲ್ಲಬಹುದು, ಕೈಗೆ ಮಣ್ಣು ಹಚ್ಚಿಕೊಂಡರೆ ಹಿಡಿತ ಸಿಗುತ್ತದೆ. ಮ್ಯಾಟಿನ ಮೇಲೆ ಎರಡೂ ಇಲ್ಲ. ಜಂಗಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಸೋಲು, ಇಲ್ಲದಿದ್ದರೆ ಹೊತ್ತು ಮುಳುಗುವ ತನಕ ಹಿಡಿದಾಡಬಹುದು. ಅಲ್ಲಿ ಹೊತ್ತಿಗೆ ಮಿತಿಯಿದೆ. ಬೆನ್ನು ಹತ್ತದಿದ್ದರೂ ತೀರ್ಪುಗಾರರ ಎಣಿಕೆಯಲ್ಲಿ ಸೋಲಬಹುದು. ಹೊಸ ಮನೆಗೆ ಹೋದ ಸೊಸೆಗೆ ಒಲೆಯೂ ಬೇರೆ, ನೀರೂ ಬೇರೆ, ಉಪ್ಪಿನ ಡಬ್ಬಿಯ ಜಾಗವೂ ಬೇರೆ ಅನ್ನುವಂಥ ಸ್ಥಿತಿ. ಅಮೆರಿಕದ ಹಳೆಯ ಪೈಲವಾನ ರೀಸ್ ಗಾರ್ಡ್‌ನರ್ ಅಲ್ಲಿ ಅವರಿಗೆ ತರಬೇತಿ ಕೊಟ್ಟರು. ಅಂಥ ಹೊಸ ನೆಲದ ಮೇಲೆ ಆಸ್ಟ್ರೇಲಿಯಾದ ಬರ್ಟ್ ಹ್ಯಾರಿಸ್ ಮತ್ತು ಅಮೆರಿಕದ ಬಿಲ್ಲಿ ಜೆರ್ನಿಗನ್ ಇಬ್ಬರನ್ನೂ ಖಾಶಾಬಾ ಸೋಲಿಸಿದರು. ಇರಾನಿನ ಮನ್ಸೂರ್ ರೈಸಿ ಅವರಿಗೆ ಸೋತರು. ಆರನೆಯ ಸ್ಥಾನ ಅಂದರೆ ನಮ್ಮವರು ಮೂಗು ಮುರಿಯುತ್ತಾರೆ. ನನ್ನ ಲೆಕ್ಕದಲ್ಲಿ ಪದಕಕ್ಕಿಂತ ಆ ಆರನೆಯ ಸ್ಥಾನವೇ ದೊಡ್ಡದು. ಪದಕ ಬಂದದ್ದು ಕಲಿತ ಮೇಲೆ. ಆರನೆಯ ಸ್ಥಾನ ಬಂದದ್ದು ಕಲಿಯುತ್ತ ಕಲಿಯುತ್ತ.

ಹೆಲ್ಸಿಂಕಿಯಲ್ಲಿ ಕೆನಡಾದ ಏಡ್ರಿಯನ್ ಪೋಲಿಕಿನ್, ಮೆಕ್ಸಿಕೋದ ಲಿಯೊನಾರ್ಡೊ ಬಸುರ್ತೊ ಇಬ್ಬರನ್ನೂ ಗೆದ್ದರು. ಎದುರಾಳಿಯ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ ಮೈ ತಿರುಗಿಸಿ ಕೆಡವುವ ಢಾಕ್ ಪಟ್ಟು ಅವರ ಕೈಯಲ್ಲಿ ಪಳಗಿತ್ತು. ಅದು ಬಲದ ಪಟ್ಟಲ್ಲ, ಹೊತ್ತು ನೋಡಿ ಹಾಕುವ ಪಟ್ಟು. ಎದುರಿನವನು ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆ ಎಂದು ಮೈಯಿಂದಲೇ ಓದಬೇಕು. ಅವರು ಸೋತ ಜಪಾನಿನ ಶೊಹಾಚಿ ಇಶಿಯಿ ಚಿನ್ನ ಗೆದ್ದರು. ಆ ಒಲಿಂಪಿಕ್ಸ್‌ನಲ್ಲಿ ಜಪಾನಿಗೆ ಬಂದ ಒಂದೇ ಚಿನ್ನ ಅದು. ಸೋವಿಯತ್ ದೇಶದ ರಶೀದ್ ಮಮ್ಮದ್‌ಬೆಯೋವ್ ಬೆಳ್ಳಿ ಗೆದ್ದರು. ಅಂದರೆ ಖಾಶಾಬಾ ಸೋತದ್ದು ತಮಗಿಂತ ಮೇಲೆ ನಿಂತ ಇಬ್ಬರಿಗೇ. ಅನ್ಯಾಯದ ಕಥೆ ಹೇಳುವಾಗ ಇಶಿಯಿಯ ಹೆಸರು ಹೇಳದೆ ಬಿಡುವುದು ಇಶಿಯಿಗೂ ಅನ್ಯಾಯ, ಅವರೊಡನೆ ಸೆಣಸಿದವರಿಗೂ ಅನ್ಯಾಯ. ಅದೇ ಹೆಲ್ಸಿಂಕಿಯಲ್ಲಿ ಕುಸ್ತಿಯ ಇನ್ನೊಂದು ವರ್ಗದಲ್ಲಿ ನಮ್ಮವರೇ ಆದ ಕೇಶವ ಮಾಣಗಾವೆ ನಾಲ್ಕನೆಯವರಾದರು. ಅವರಿಗಂತೂ ಪಾಪ ಎನ್ನುವವರೂ ಇಲ್ಲ.

ಅದೇ ವಾರ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತು, ಬಲಬೀರ್ ಸಿಂಗ್ ಫೈನಲಿನಲ್ಲಿ ಐದು ಗೋಲು ಹೊಡೆದರು. ಆ ಸಂಭ್ರಮದಲ್ಲಿ ಕಂಚು ಮಂಕಾಯಿತು ಎನ್ನುವುದುಂಟು. ಇರಬಹುದು. ಆದರೆ ನಮ್ಮ ಊರುಗಳಲ್ಲಿ ಬೇರೊಂದು ಕಾರಣವೂ ಇದೆ. ನಮಗೆ ದೊಡ್ಡ ಮೈ ಬೇಕು. ನಮ್ಮ ಜಿಲ್ಲೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಮೊದಲ ಹಿಂದ್ ಕೇಸರಿ ಆದರು. ಅವರ ಎದೆ, ತೊಡೆ, ಕುಡಿದ ಹಾಲು, ತಿಂದ ಬಾದಾಮಿ ಎಲ್ಲಕ್ಕೂ ಕಥೆಗಳಿವೆ. ಅವರು ಅದಕ್ಕೆ ತಕ್ಕವರೇ. ಜಾತ್ರೆಯ ಕಣವನ್ನು ನೋಡಿದರೂ ತಿಳಿಯುತ್ತದೆ. ಸಣ್ಣ ಮೈಯವರ ಜೋಡಿ ಮೊದಲು, ಮಟಮಟ ಮಧ್ಯಾಹ್ನ. ಆಗ ಮಂದಿ ಇನ್ನೂ ಊಟ ಮಾಡುತ್ತಿರುತ್ತಾರೆ. ಹಲಗೆ ಜೋರಾಗುವುದು, ಬೆಳ್ಳಿ ಕಡಗ ಹೊರಗೆ ಬರುವುದು ಹೊತ್ತು ಇಳಿದ ಮೇಲೆ, ದೊಡ್ಡವರ ಕುಸ್ತಿಗೆ. ಹಗುರ ಮೈಯವನು ಎಷ್ಟು ಚೆನ್ನಾಗಿ ಆಡಿದರೂ ನೋಡುವ ಕಣ್ಣುಗಳು ಬರುವ ಮೊದಲೇ ಆಡಿ ಮುಗಿಸಿರುತ್ತಾನೆ.

ನನಗೆ ಇದು ಗೊತ್ತಿರುವುದು ನಮ್ಮ ಸೋದರಮಾವನಿಂದ. ಐವತ್ತು ಕಿಲೋ ದಾಟದ ಮೈ. ಹಗಲು ಮಗ್ಗ, ಬೆಳಗು ಸಂಜೆ ಗರಡಿ. ಗೆದ್ದರೆ ಒಂದು ತೆಂಗಿನಕಾಯಿ, ಒಂದು ಪಟಗಾ. ಅವನು ತೀರಿಕೊಂಡಾಗ ದಿನದ ಊಟಕ್ಕೆ ಬಂದವರೆಲ್ಲ "ಒಳ್ಳೇ ಮನಷ್ಯಾ, ಯಾರಿಗೂ ಎದುರಾಡಲಿಲ್ಲ" ಎಂದರು. ಕುಸ್ತಿಯಾಡಿದವನನ್ನು ಎದುರಾಡಲಿಲ್ಲವೆಂದು ಹೊಗಳುವುದೇ! ಅವನ ಒಂದು ಕುಸ್ತಿಯೂ ಯಾರಿಗೂ ನೆನಪಿರಲಿಲ್ಲ. ಮಂದಿ ಹೋದ ಮೇಲೆ ಅತ್ತಿ, ಅದೇ ಮನೆ ಒತ್ತೆಯ ಪ್ರಶ್ನೆ ಕೇಳಿದವರು, ಹಿತ್ತಲಲ್ಲಿ ಕೂತು ಹೇಳಿದರು. ಅವರು ಒಂದು ಕುಸ್ತಿಯನ್ನೂ ನೋಡಿದವರಲ್ಲ. ಆಗ ಕಣದ ಹತ್ತಿರ ಹೆಂಗಸರು ಹೋಗುವಂತಿರಲಿಲ್ಲ. ಆದರೆ ಲಂಗೋಟಿ, ಪಂಚೆ ಒಗೆದವರು ಅವರು. "ಮಣ್ಣ ಮಣಕಾಲಿಗೆ ಅಷ್ಟ ಇದ್ರ ಅವತ್ತ ಗೆದ್ದಾನ ಅಂತ ತಿಳೀಬೇಕು. ಬೆನ್ನಿಗೆ ಇದ್ರ ನಾ ಏನೂ ಕೇಳತಿರಲಿಲ್ಲ, ರೊಟ್ಟಿ ಮ್ಯಾಲ ಬೆಣ್ಣಿ ಹೆಚ್ಚ ಹಾಕತಿದ್ದೆ. ಒಂದ ಸಲ ಎರಡೂ ಭುಜದ ಮ್ಯಾಲ ಮಣ್ಣಿತ್ತು, ಬೆನ್ನ ಸ್ವಚ್ಛ. ಅವತ್ತ ಚಿತ್ ಆಗೂದು ತಪ್ಪಿಸಿಕೊಂಡ ಬಂದಿದ್ದ. ಆ ದಿವಸ ಭಾಳ ನಕ್ಕಿದ್ದ." ಹೀಗೆ ಒಂದೊಂದಾಗಿ ಏಳೆಂಟು ಕುಸ್ತಿ ಹೇಳಿದರು. ಕುಸ್ತಿಯ ವಿಮರ್ಶೆ ಅಂದರೆ ಇದು ಎಂದು ನನಗೆ ಅನಿಸಿತು. ಎತ್ತು, ಚಕ್ಕಡಿ, ಪಾಪ, ಯಾವುದೂ ಅದರಲ್ಲಿರಲಿಲ್ಲ. ಮಣ್ಣು ಎಲ್ಲಿ ಹತ್ತಿತ್ತು ಎಂಬುದಷ್ಟೇ ಇತ್ತು.

ಇದನ್ನು ಈಗ ಹೇಳಲು ಕಾರಣವಿದೆ. ಕಿತ್ತೂರಿನ ಬಳಿಯ ತುರಮರಿಯ ಹುಡುಗಿ ಮಲಪ್ರಭಾ ಜಾಧವ 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಕುರಾಶ್ ಎಂಬ ಕುಸ್ತಿಯಲ್ಲಿ ಕಂಚು ಗೆದ್ದಳು. ತೂಕ 52 ಕಿಲೋ, ಲಂಡನ್ನಿನಲ್ಲಿ ಖಾಶಾಬಾ ಇಳಿದ ತೂಕವೇ. ಅಡ್ಡಹೆಸರೂ ಅದೇ. ಕುರಾಶ್‌ನಲ್ಲಿ ನಡುಪಟ್ಟಿಯ ಕೆಳಗೆ ಕೈ ಹಾಕುವಂತಿಲ್ಲ, ನೆಲಕ್ಕೆ ಬಿದ್ದ ಮೇಲೆ ಹಿಡಿದಾಡುವಂತಿಲ್ಲ, ನಿಂತೇ ಕೆಡವಬೇಕು. ಅದೇ ವರ್ಗದಲ್ಲಿ ನಮ್ಮ ದೇಶದ ಪಿಂಕಿ ಬಲ್ಹಾರಾ ಬೆಳ್ಳಿ ಗೆದ್ದಳು. ಹಾಗೆಯೇ 2024ರ ಪ್ಯಾರಿಸ್‌ನಲ್ಲಿ ನೂರು ಗ್ರಾಂ ಹೆಚ್ಚಾಯಿತೆಂದು ವಿನೇಶ್ ಫೋಗಟ್ ಅವರನ್ನು ಫೈನಲಿಗೆ ಇಳಿಸದೆ ಹೊರಗಿಟ್ಟ ದಿನ ನಮ್ಮ ಓಣಿಯ ಹೆಂಗಸರೆಲ್ಲ ತಕ್ಕಡಿಯ ಮಾತೇ ಆಡಿದೆವು. ಅದಕ್ಕೆ ಹಿಂದಿನ ದಿನ ಅವರು ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಆ ಸುಸಾಕಿ ಟೋಕಿಯೋದ ಚಿನ್ನದ ಪದಕದವಳು. ಗ್ರಾಂ ಎಣಿಸಿದೆವು, ಕುಸ್ತಿ ಮರೆತೆವು. ಕಾಕಾನ ಚಕ್ಕಡಿಗೂ ನಮ್ಮ ತಕ್ಕಡಿಗೂ ಹೆಚ್ಚಿನ ಅಂತರವಿಲ್ಲ.

ಮೊನ್ನೆ ಪಡಸಾಲೆಯಲ್ಲಿ ಮತ್ತೆ ನೂರಾ ಒಂದೋ ನೂರಾ ಐವತ್ತೊಂದೋ ಎಂಬ ವಾದ ಹತ್ತಿತ್ತು. ಚಹಾ ಕೊಟ್ಟು ಈ ಸಲ ಒಳಗೆ ಹೋಗಲಿಲ್ಲ, ಅಲ್ಲೇ ಕಂಬಕ್ಕೆ ಒರಗಿ ಕೂತೆ. "ಕಾಕಾ, ಚಕ್ಕಡಿ ಇರಲಿ. ಇಶಿಯಿ ಅಂತ ಒಬ್ಬಾಂವ ಇದ್ದ, ಅವನ ಕುಸ್ತಿ ಹೇಳತೀನಿ ಕೇಳ್ರಿ" ಎಂದೆ. ಕಾಕಾ ಬಸಿ ಕೆಳಗಿಟ್ಟು, "ಹೇಳವಾ" ಎಂದರು.