ನೀರಿನಲ್ಲಿ ನ್ಯಾನೋ ಬೆಳ್ಳಿ: ತೂಕವಷ್ಟೇ ಸಾಕೆ?

2009ರಲ್ಲಿ ಮಾರುಕಟ್ಟೆಗೆ ಬಂದ ‘ಟಾಟಾ ಸ್ವಚ್’ ಶೋಧಕದಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಸೇರಿಸಲಾಗಿತ್ತು. ವಿದ್ಯುತ್ತಿಲ್ಲದೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಇಂಥ ಉಪಾಯ ಮೆಚ್ಚತಕ್ಕದ್ದೇ. ನನ್ನ ತಕರಾರು ಶೋಧಿಸಿದ ನೀರನ್ನು ಪರೀಕ್ಷಿಸುವ ಅಳತೆಗೋಲಿನ ಬಗ್ಗೆ.

ಭಾರತೀಯ ಮಾನಕ ಐಎಸ್ 10500 (2012) ಕುಡಿಯುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂವರೆಗೆ ಬೆಳ್ಳಿಯನ್ನು ಒಪ್ಪುತ್ತದೆ. ಇದೇ ಅಂಕಿಗೆ ವಿಶ್ವ ಆರೋಗ್ಯ ಸಂಸ್ಥೆಯ 2003ರ ದಾಖಲೆ ಕೊಡುವ ಆಧಾರ ಆರ್ಜಿರಿಯಾ, ಅಂದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುವ ತೊಂದರೆ. ಜೀವಮಾನದಲ್ಲಿ ಸುಮಾರು 10 ಗ್ರಾಂ ಬೆಳ್ಳಿ ಹೊಟ್ಟೆಗೆ ಹೋದರೂ ಅದು ಬಾರದೆಂಬುದು ಲೆಕ್ಕ. ಮಾನಕದಲ್ಲಿ ಕಣದ ಗಾತ್ರದ ಮಾತೇ ಇಲ್ಲ.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.5 ಗ್ರಾಂ. ಆ 0.1 ಮಿಲಿಗ್ರಾಂ ಬೆಳ್ಳಿ 1 ಮೈಕ್ರೋಮೀಟರ್ ವ್ಯಾಸದ ಗೋಳಗಳಾಗಿದ್ದರೆ ಅವುಗಳ ಸಂಖ್ಯೆ ಸುಮಾರು 1.8 ಕೋಟಿ, 10 ನ್ಯಾನೋಮೀಟರಿನವಾದರೆ 18 ಲಕ್ಷ ಕೋಟಿ! ಒಟ್ಟು ಮೇಲ್ಮೈ 100 ಪಟ್ಟು ಹೆಚ್ಚು. ಬೆಳ್ಳಿಯ ಅಯಾನುಗಳು ಬಿಡುಗಡೆಯಾಗುವುದು ಮೇಲ್ಮೈಯಿಂದಲೇ.

ಜಠರದಲ್ಲಿ ಇವು ಬೆಳ್ಳಿಯ ಕ್ಲೋರೈಡ್ ಆಗಿಬಿಡುತ್ತವೆ, ಭಯವೇಕೆ ಎನ್ನಬಹುದು. ಒಂದಿಷ್ಟು ಹಾಗಾಗುವುದು ನಿಜ. ಎಷ್ಟು ಎಂಬುದು ಮಾತ್ರ ಕಣದ ಗಾತ್ರ, ಲೇಪನ, ಹೊಟ್ಟೆಯಲ್ಲಿರುವ ಆಹಾರ ಇವುಗಳನ್ನು ಅವಲಂಬಿಸಿದೆ.

ವಾಡಿಕೆಯ ಪರೀಕ್ಷೆಯಲ್ಲಿ ನೀರಿಗೆ ಆಮ್ಲ ಬೆರೆಸಿ ಎಲ್ಲವನ್ನೂ ಕರಗಿಸಿ ಒಟ್ಟು ಬೆಳ್ಳಿಯನ್ನು ಅಳೆಯುತ್ತಾರೆ. ಕಣವಿತ್ತೋ ಅಯಾನಿತ್ತೋ ಎಂಬ ಸುಳಿವು ಅಲ್ಲಿಗೆ ಅಳಿಸಿಹೋಯಿತು! ಏಕಕಣ ಪ್ಲಾಸ್ಮಾ ದ್ರವ್ಯರಾಶಿ ರೋಹಿತಮಾಪನದಿಂದ ಕಣಗಳನ್ನು ಒಂದೊಂದಾಗಿ ಎಣಿಸಬಹುದು. ಉಪಕರಣ ದುಬಾರಿ, ಒಪ್ಪೋಣ. ಆದರೆ ‘ನ್ಯಾನೋ’ ಎಂದು ಜಾಹೀರಾತು ಕೊಡುವ ತಯಾರಕರು, ತಮ್ಮ ಶೋಧಕ ಹೊಸತಿದ್ದಾಗ ಎಷ್ಟು, ಹಳತಾದಾಗ ಎಷ್ಟು ಕಣಗಳನ್ನು ನೀರಿಗೆ ಬಿಡುತ್ತದೆಂಬುದನ್ನೂ ಪೆಟ್ಟಿಗೆಯ ಮೇಲೆ ಮುದ್ರಿಸಲಿ.