ಅಚ್ಚಿನ ಪುಟ, ತೆರೆಯ ಪಾಠ

ವಿದ್ಯುನ್ಮಾನ ಓದುಸಾಧನವು ಅಚ್ಚಿನ ಪುಸ್ತಕದ ಸ್ಥಾನವನ್ನು ತುಂಬಬಲ್ಲುದೆಂಬ ವಾದವು ಕಾದಂಬರಿಯ ಮಟ್ಟಿಗೆ ಒಪ್ಪತಕ್ಕುದೇ. ಹಳಗನ್ನಡ ಕಾವ್ಯಾಧ್ಯಯನಕ್ಕೆ ಅದು ಅನ್ವಯಿಸದು. ಸಂಪಾದಿತ ಕೃತಿಯಲ್ಲಿ ಪದ್ಯದಷ್ಟೇ ಮುಖ್ಯವಾದುದು ಅದರ ಅಡಿಯಲ್ಲಿರುವ ಪಾಠಾಂತರ. ಅಕ್ಷರದ ಗಾತ್ರವನ್ನು ಹಿಗ್ಗಿಸಿದೊಡನೆ ಪುಟವೇ ಬದಲಾಗುವ ತೆರೆಯಲ್ಲಿ ಇವೆರಡೂ ಅಗಲುತ್ತವೆ.

ಇದಕ್ಕಿಂತ ಗಂಭೀರವಾದುದು ಅಕ್ಷರಗಳ ಪ್ರಶ್ನೆ. ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಖಡ್ಗ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಱ, ೞಗಳಿಗೆ ಯೂನಿಕೋಡ್‌ನಲ್ಲಿ ಸ್ಥಾನವಿದೆ; ದೋಷ ಯಂತ್ರದ್ದಲ್ಲ. ಬೆರಳಚ್ಚು ಮಾಡುವವರು ಅವನ್ನು ರ, ಳಗಳೆಂದು ಸರಳಗೊಳಿಸಿದರೆ ಅರ್ಥವು ಕೆಡುವುದಲ್ಲದೆ, ಕೃತಿಯ ಕಾಲನಿರ್ಣಯಕ್ಕೆ ಒದಗುವ ಒಂದು ಆಧಾರವೂ ಅಳಿಸಿಹೋಗುತ್ತದೆ. (ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ೞಕಾರದ ಶಬ್ದಗಳನ್ನು ಪಟ್ಟಿಮಾಡಬೇಕಾಯಿತೆಂಬುದನ್ನು ನೆನೆಯಬಹುದು.) ಅಚ್ಚಿನಲ್ಲಿಯೂ ತಪ್ಪುಗಳುಂಟು, ಆದರೆ ಒಂದು ಮುದ್ರಣದ ತಪ್ಪು ಸಾಮಾನ್ಯವಾಗಿ ಅದರ ಪ್ರತಿಗಳಲ್ಲೆಲ್ಲ ಅದೇ ಪುಟ, ಅದೇ ಸಾಲಿನಲ್ಲಿರುವುದರಿಂದ ಅದನ್ನು ತೋರಿಸಿ ಚರ್ಚಿಸಬಹುದು.

ಹೊರನಾಡಿನ ಸಂಶೋಧಕರಿಗೆ ಗ್ರಂಥಾಲಯದ ಕೊರತೆ ಬಲ್ಲ ಸಂಗತಿಯೇ. ಅವರಿಗೆ ಕಿಟೆಲ್ ನಿಘಂಟಿನ ೧೮೯೪ರ ಮಂಗಳೂರು ಮುದ್ರಣದಂತಹವುಗಳ ಬಿಂಬಪ್ರತಿಯನ್ನು ತೆರೆಯಲ್ಲಿ ಓದುವುದಕ್ಕೆ ಈ ಆಕ್ಷೇಪವು ಸಲ್ಲದು. ಅಲ್ಲಿ ಕಾಣುವುದು ಅಚ್ಚಿನ ಪುಟವೇ, ಅದರ ಸಂಖ್ಯೆಯೊಡನೆ.