ರಾಜಿಯಾದ ಮೇಲೂ ಮುಗಿಯದ ಕೇಸು

ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಂಥ ಊರಲ್ಲಿ ಬದುವಿನ ಜಗಳ ಠಾಣೆ ಹತ್ತಿತೆಂದರೆ ಕೇಸು ಒಂದಲ್ಲ, ಎರಡು. ಅವರದೊಂದು, ಅದಕ್ಕೆ ಇವರ ಕೌಂಟರ್. ಕಾನೂನು ಓದದವರಿಗೂ ಹಳೆಯ ದಂಡ ಸಂಹಿತೆಯ ಹೊಡೆತ, ಆಯುಧದ ಗಾಯ, ನಿಂದನೆ, ಬೆದರಿಕೆಯ ಸೆಕ್ಷನ್ನುಗಳು, ಅಂದರೆ 323, 324, 504, 506, ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದು ಅವು 115(2), 118(1), 352, 351(2) ಆದವು. ಮಗ್ಗಿ ಇನ್ನೂ ನಾಲಿಗೆಗೆ ಕೂತಿಲ್ಲ.

ಈ ವ್ಯವಸ್ಥೆಯನ್ನು ಬೈಯುವವರು ಪೊಲೀಸರಿಂದ ಶುರುಮಾಡುತ್ತಾರೆ. ನನ್ನ ತಕರಾರು ಬೇರೆ. ಬಂಧನದ ಹಂತದಲ್ಲಿ ಕಾನೂನು, ಕಾಗದದ ಮೇಲಾದರೂ, ಆರೋಪಿಯ ಪರವಾಗಿ ಗಟ್ಟಿಯಾಗಿಯೇ ಇದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕೇಸು ದಾಖಲಾಯಿತು ಎಂದಷ್ಟಕ್ಕೇ ಹಿಡಿದು ಒಳಗೆ ಹಾಕಬೇಡಿ ಎಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ನೋಟಿಸ್ ಕೊಟ್ಟು ಕರೆಸಬೇಕು. ಹಿಡಿಯಲೇಬೇಕಾದರೆ ಕಾರಣ ಬರೆದಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕಸ್ಟಡಿಯಲ್ಲಿದ್ದವನಿಗೆ, ವರಮಾನ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಿದೆ.

ಎಡವುವುದು ಜಾಮೀನಿನಲ್ಲಿ. ಹಳ್ಳಿಯಲ್ಲಿ ಶ್ಯೂರಿಟಿ ಎಂದರೆ ಪಹಣಿ. ಜಮೀನಿದ್ದವನು ಒಪ್ಪಿದರೆ ಜಾಮೀನು. ಮಧ್ಯಪ್ರದೇಶದ ಗಾರೆ ಕೆಲಸದ ಮೋತಿರಾಮನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ತಳ್ಳಿಹಾಕಿದ್ದನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲೇ ಖಂಡಿಸಿದ್ದರು. ಕೂಲಿಯವನು ಇವತ್ತಿಗೂ ಪಹಣಿಯವರ ಮನೆ ಬಾಗಿಲಲ್ಲೇ ನಿಲ್ಲಬೇಕು.

ಕೋರ್ಟಿನಲ್ಲಿ ಆರೋಪ ಓದಿ 'ಒಪ್ಪುತ್ತೀಯಾ?' ಎಂದಾಗ ದಂಡ ಕಟ್ಟಿ ಕೈ ತೊಳೆದುಕೊಳ್ಳೋಣ ಅನ್ನಿಸುವುದು ಸಹಜ. ಆದರೆ ಒಪ್ಪಿದರೆ ಅದು ಅಪರಾಧ ಸಾಬೀತಾದಂತೆಯೇ. ಕಾನ್‌ಸ್ಟೇಬಲ್ ಕೆಲಸಕ್ಕೆ ಅರ್ಜಿ ಹಾಕುವ ಹುಡುಗನಾದರೆ ವಕೀಲರನ್ನು ಕೇಳದೆ ಬಾಯಿ ಬಿಡಬಾರದು.

ನನಗೆ ತೀರಾ ಅಸಂಗತವಾಗಿ ಕಾಣುವುದು ಇದರ ಮುಂದಿನದು. ಹಿರಿಯರು ಕೂರಿಸಿ ಮಾತಾಡಿಸಿ ರಾಜಿ ಮಾಡಿಸುತ್ತಾರೆ. 115(2), 351(2), 352ಕ್ಕೆ ಕಾನೂನೂ ರಾಜಿ ಒಪ್ಪುತ್ತದೆ. ಬರಿಗೈಯಲ್ಲಿ ಗುದ್ದಿ ಮೂಳೆ ಮುರಿದರೂ, ಅಂದರೆ 117(2) ಬಿದ್ದರೂ, ಕೋರ್ಟಿನ ಅನುಮತಿ ಪಡೆದು ರಾಜಿಯಾಗಬಹುದು. ಕುಡುಗೋಲು ತಾಗಿ ಎರಡು ಹೊಲಿಗೆ ಬಿದ್ದಿತೋ, ಅದು 118(1). ರಾಜಿಯ ಪಟ್ಟಿಯಲ್ಲೇ ಇಲ್ಲ! ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸುವ ದಾರಿಯನ್ನು 2012ರ ಗ್ಯಾನ್ ಸಿಂಗ್ ತೀರ್ಪು ಖಚಿತಪಡಿಸಿತು, ನಿಜ. ಆದರೆ ದಾವಣಗೆರೆ ಜಿಲ್ಲೆಯವರು ಅದಕ್ಕೆ ಹೋಗಬೇಕಾದ್ದು ಧಾರವಾಡ ಪೀಠಕ್ಕಲ್ಲ, ಬೆಂಗಳೂರಿಗೆ. ಬದುವಿನ ಜಗಳಕ್ಕೆ ಅಷ್ಟು ಖರ್ಚು ಯಾರು ಮಾಡುತ್ತಾರೆ?

ಹೀಗಾಗಿ ಹೊಡೆಸಿಕೊಂಡವನೇ ಕಟಕಟೆ ಹತ್ತಿ, ಪ್ರಮಾಣ ಮಾಡಿ, 'ಕತ್ತಲಿತ್ತು ಸ್ವಾಮಿ, ಯಾರು ಹೊಡೆದರೋ ಕಾಣಲಿಲ್ಲ' ಅನ್ನಬೇಕಾಗುತ್ತದೆ. ಸರ್ಕಾರಿ ವಕೀಲರು ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಸಾರಿ ಪಾಟೀಸವಾಲು ಮಾಡುತ್ತಾರೆ. ಕೇಸು ಖುಲಾಸೆ. 118(1)ನ್ನೂ ಕೋರ್ಟಿನ ಅನುಮತಿಯ ಪಟ್ಟಿಗೆ ಸೇರಿಸಿದ್ದರೆ ಈ ಸುಳ್ಳಿಗೆ ಕೆಲಸವಿರುತ್ತಿರಲಿಲ್ಲ. ಹೊಸ ಸಂಹಿತೆ ಬರೆದವರು ನಂಬರು ಬದಲಿಸುವಾಗ ಇದನ್ನು ಹಾಗೇ ಬಿಟ್ಟರು.

ಅದು ಬದಲಾಗುವವರೆಗೆ ವಾಯಿದೆಯ ಬೆಳಿಗ್ಗೆ ಎರಡೂ ಕಡೆಯವರು ಹೊನ್ನಾಳಿಗೆ ಒಂದೇ ಬಸ್ಸು ಹತ್ತುತ್ತಾರೆ, ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರು ತೆಗೆಸುತ್ತಾರೆ.